ಕ್ಷಮೆಗೂ ಕೊಳಗ ಬೇಕು



ಕ್ರೈಸ್ತರ ಬದುಕಿನಲ್ಲಿ ಕ್ಷಮೆಗೆ ಏನು ಸ್ಥಾನ ಎಂಬುದು ಇಂದಿನ ವಿಷಯ. ಕ್ಷಮಿಸಬೇಕೆಂಬ ಮಾತನ್ನು ಅಲ್ಲಗಳೆಯುವವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಎಲ್ಲರೂ ಒಪ್ಪಿಕೊಂಡದ್ದರಿಂದಲೇ ಆ ಮಾತು ಸವೆದುಹೋಗಿದೆ. ಜಗಳ ಬಿಡಿಸಲು ಬಂದ ಹಿರಿಯರು ‘ಆದದ್ದು ಆಯಿತು, ಬಿಟ್ಟುಬಿಡಿ’ ಎಂದು ಕಾಫಿ ಕುಡಿದು ಏಳುವುದಕ್ಕೂ ಯೇಸು ಹೇಳಿದ ಕ್ಷಮೆಗೂ ವ್ಯತ್ಯಾಸವೇ ಇಲ್ಲವೆಂಬಂತಾಗಿದೆ. ವ್ಯತ್ಯಾಸ ಇದೆ, ದೊಡ್ಡದೇ ಇದೆ ಎಂಬುದು ನನ್ನ ವಾದ. ಶುಭಸಂದೇಶಗಳಲ್ಲಿ ಕ್ಷಮೆಯ ಮಾತು ಬಂದಾಗಲೆಲ್ಲ ಸಾಲದ ಲೆಕ್ಕ ಹತ್ತಿರದಲ್ಲೇ ಇರುತ್ತದೆ. ಸಾಲ ಬಿಡುವವನಿಗೆ ಸಾಲ ಎಷ್ಟೆಂದು ಗೊತ್ತಿರಬೇಕು, ಸಾಲಗಾರನಿಗೂ ಗೊತ್ತಿರಬೇಕು. ಆಗಿರುವ ಅನ್ಯಾಯವನ್ನು ನಿಖರವಾಗಿ ಅಳೆಯುವಲ್ಲಿಂದಲೇ ಕ್ಷಮೆ ಶುರುವಾಗುತ್ತದೆ. ಅಳೆಯಲು ಬಿಡದೆ ಕೇಳಿದ ಕ್ಷಮೆ ಕ್ರಿಸ್ತನದಲ್ಲ. ಅಳೆದು ಮುಗಿದ ಮೇಲೂ ಕೊನೆಯ ಕಾಳಿನವರೆಗೆ ವಸೂಲಿಗೆ ನಿಲ್ಲುವ ಹಟವೂ ಕ್ರಿಸ್ತನದಲ್ಲ.

ಅಳತೆಯ ಮಾತನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಪ್ರಶ್ನೆಯ ಮೇಲೆ. ಒಡೆಯರ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ಅವರ ದೂರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅದಕ್ಕೆ ದನಿಯಾಯಿತು, ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಸಾಗರ-ಹೊಸನಗರದ ಮತದಾರರು 1952ರಲ್ಲಿ ವಿಧಾನಸಭೆಗೆ ಕಳಿಸಿದ್ದು ಆ ಹೋರಾಟದ ಕಾವು ಆರುವ ಮೊದಲೇ. ಉಳುವವನೇ ಹೊಲದೊಡೆಯ ಎಂಬುದು ಕಾನೂನಾಗಿ ಜಾರಿಗೆ ಬರಲು 1974 ಬರಬೇಕಾಯಿತು. ಆ ಕಾಲದಲ್ಲಿ ಯಾರಾದರೂ ಗೇಣಿದಾರರನ್ನು ಕೂರಿಸಿಕೊಂಡು ‘ಒಡೆಯರನ್ನು ಕ್ಷಮಿಸಿ, ಕೊಳಗದ ತಂಟೆ ಬೇಡ’ ಎಂದಿದ್ದರೆ ಅದನ್ನು ಧರ್ಮಬೋಧೆ ಎನ್ನಲಾಗುತ್ತಿತ್ತೇ? ಲೂಕನ ಶುಭಸಂದೇಶದ 6ನೇ ಅಧ್ಯಾಯ ನೋಡಿ. ಕ್ಷಮಿಸಿ ಎಂದ ಬೆನ್ನಿಗೇ ಯೇಸು ಧಾನ್ಯದ ಅಳತೆಗೆ ಬರುತ್ತಾರೆ. ಒತ್ತಿ, ಅಲುಗಿಸಿ, ಹೊರಚೆಲ್ಲುವಂತೆ ಅಳೆದು ಕೊಡುವ ಅಳತೆ ಅದು. ಭತ್ತ ಅಳೆಯುವವರ ಕೈಚಳಕ ಬಲ್ಲವರಿಗೆ ಇದರ ಮರ್ಮ ತಟ್ಟನೆ ಹೊಳೆಯುತ್ತದೆ. ಕೊಳಗವನ್ನು ಒಮ್ಮೆ ಕುಲುಕಿದರೆ ಇನ್ನೊಂದು ಹಿಡಿ ಒಳಗಿಳಿಯುತ್ತದೆ, ಅಂಗೈಯಿಂದ ಒತ್ತಿದರೆ ಮತ್ತೊಂದು, ಮೇಲೆ ಗೋಪುರ ಏರಿಸಿದರೆ ಮತ್ತಷ್ಟು. ತಾನು ತೆಗೆದುಕೊಳ್ಳುವಾಗ ಕುಲುಕುವುದು, ಕೊಡುವಾಗ ಅಂಚಿಗೆ ಸರಿಯಾಗಿ ಸವರಿಬಿಡುವುದು ಲೋಕರೂಢಿ. ಯೇಸು ಅದನ್ನು ತಿರುವಿಹಾಕುತ್ತಾರೆ. ನೀವು ಯಾವ ಅಳತೆಯಲ್ಲಿ ಕೊಡುತ್ತೀರೋ ಅದೇ ಅಳತೆ ನಿಮಗೂ ಎನ್ನುತ್ತಾರೆ. ಕೊಡಲೊಂದು, ಕೊಳ್ಳಲೊಂದು ಕೊಳಗ ಇಟ್ಟುಕೊಂಡವನಿಗೆ ಕ್ಷಮೆಯ ಪಾಠ ಹೇಳುವ ಅಧಿಕಾರ ಅಲ್ಲಿಗೆ ತಪ್ಪಿತು.

ಸಾಲದ ಲೆಕ್ಕ ಪೂರ್ತಿಯಾಗಿ ಬರುವುದು ಮತ್ತಾಯನ 18ನೇ ಅಧ್ಯಾಯದಲ್ಲಿ, ಕ್ಷಮಿಸದ ಸೇವಕನ ಕಥೆಯಲ್ಲಿ. ಎಷ್ಟು ಸಲ ಕ್ಷಮಿಸಲಿ, ಏಳು ಸಲವೇ ಎಂದು ಪೇತ್ರ ಕೇಳುತ್ತಾನೆ. ಯೇಸುವಿನ ಉತ್ತರ ಎಣಿಕೆಯನ್ನೇ ಮೀರಿದ್ದು. ಆಮೇಲೆ ಬರುವ ಕಥೆಯಲ್ಲಿ ರಾಜ ಲೆಕ್ಕ ನೋಡಲು ಕೂರುತ್ತಾನೆ. ಕ್ಷಮೆಯ ಕಥೆ ಲೆಕ್ಕದ ಕಡತ ಬಿಚ್ಚುವುದರೊಂದಿಗೆ ಶುರುವಾಗುತ್ತದೆ ಎಂಬುದನ್ನು ನಮ್ಮ ಪ್ರವಚನಗಳು ಅಷ್ಟಾಗಿ ಗಮನಿಸಿಲ್ಲ. ಆ ಸೇವಕನ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಂದು ದಿನಾರಿ ಆಗಿನ ಒಂದು ದಿನದ ಕೂಲಿ. ಅಂದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅವನಿಗೆ ಬರಬೇಕಾಗಿದ್ದದ್ದು ಜೊತೆಗಾರನಿಂದ ನೂರು ದಿನಾರಿ, ಮೂರು-ನಾಲ್ಕು ತಿಂಗಳ ದುಡಿಮೆ. ಈ ಎರಡನೆಯ ಮೊತ್ತವನ್ನು ಯೇಸು ಒಂದೆರಡು ಕಾಸು ಎಂದಿಲ್ಲ. ಕೂಲಿಯವನಿಗೆ ನಾಲ್ಕು ತಿಂಗಳ ದುಡಿಮೆ ಸಣ್ಣದಲ್ಲ. ನಿನಗೆ ಆಗಿರುವ ಅನ್ಯಾಯ ಏನೂ ಅಲ್ಲ ಎಂದು ಕಥೆ ಹೇಳುತ್ತಿಲ್ಲ. ಅದು ನಿಜವಾದ ನಷ್ಟವೇ, ಆದರೂ ನಿನಗೆ ಬಿಟ್ಟುಕೊಟ್ಟದ್ದರ ಪಕ್ಕದಲ್ಲಿಟ್ಟು ನೋಡು ಎನ್ನುತ್ತಿದೆ. ಸಾಲ ತೀರದೆ ಮನೆಮಂದಿಯನ್ನೆಲ್ಲ ಮಾರುವ ಆಜ್ಞೆಯೂ ಕಥೆಯಲ್ಲಿದೆ. ಮಲೆನಾಡಿಗೆ ಇದು ದೂರದ ಮಾತಲ್ಲ. ಅಪ್ಪನ ಸಾಲಕ್ಕೆ ಮಗ ದುಡಿಯುವ ಜೀತವನ್ನು ಈ ದೇಶ ಕಾನೂನಿನಿಂದ ತೊಡೆದದ್ದು 1976ರಲ್ಲಿ; ಕರ್ನಾಟಕದ ಋಣ ಪರಿಹಾರ ಕಾಯ್ದೆ ಬಂದದ್ದೂ ಅದೇ ವರ್ಷ. ಇನ್ನೊಂದು ವಿವರ. ಜೊತೆಗಾರನ ಕುತ್ತಿಗೆ ಹಿಡಿದವನನ್ನು ಕಂಡ ಉಳಿದ ಸೇವಕರು ಏನು ಮಾಡಿದರು? ‘ಪಾಪ, ಕ್ಷಮಿಸೋಣ’ ಎಂದು ಸುಮ್ಮನಾಗಲಿಲ್ಲ. ನೊಂದುಕೊಂಡು ನೇರ ರಾಜನ ಬಳಿ ಹೋಗಿ ದೂರು ಕೊಟ್ಟರು. ಲೆಕ್ಕವಿಲ್ಲದಷ್ಟು ಸಲ ಕ್ಷಮಿಸು ಎಂದ ಉಸಿರಿನಲ್ಲೇ ಹೇಳಿದ ಕಥೆ ಇದು. ಆ ದೂರನ್ನು ಕಥೆ ತಪ್ಪೆನ್ನುವುದಿಲ್ಲ, ರಾಜ ಅದಕ್ಕೆ ಕಿವಿಗೊಡುತ್ತಾನೆ.

ಇದೇ ಅಧ್ಯಾಯದಲ್ಲಿ ಪೇತ್ರನ ಪ್ರಶ್ನೆಗೂ ಮೊದಲು ಒಂದು ವಿಧಾನ ಹೇಳಿದೆ. ತಪ್ಪು ಮಾಡಿದವನ ಬಳಿ ಒಬ್ಬನೇ ಹೋಗಿ ತಪ್ಪನ್ನು ತೋರಿಸು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡು. ಕ್ಷಮೆಯನ್ನು ಮೌನದ ಜೊತೆ ಜೋಡಿಸುವವರಿಗೆ ಇದು ನುಂಗಲಾರದ ತುತ್ತು. ಲೂಕನಲ್ಲಿ ಇನ್ನೂ ಚುಟುಕಾಗಿದೆ: ಮೊದಲು ಗದರಿಸುವುದು, ಪಶ್ಚಾತ್ತಾಪಪಟ್ಟರೆ ಕ್ಷಮಿಸುವುದು. ಜೆರಿಕೋ ಊರಿನ ಸುಂಕದವ ಜಕ್ಕಾಯ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಮರಳಿಸುತ್ತೇನೆ ಎಂದ ಮೇಲೆಯೇ ಅವನ ಮನೆಗೆ ರಕ್ಷಣೆ ಬಂತೆಂಬ ಮಾತು ಯೇಸುವಿನ ಬಾಯಿಂದ ಬರುತ್ತದೆ. ಕ್ಯಾಥೊಲಿಕರ ಪಾಪನಿವೇದನೆಯಲ್ಲೂ ಪಶ್ಚಾತ್ತಾಪ, ತಪ್ಪೊಪ್ಪಿಗೆ, ಪ್ರಾಯಶ್ಚಿತ್ತ ಮೂರೂ ಒಟ್ಟಿಗೇ ಇವೆ. ಕದ್ದ ಮಾಲನ್ನು ಕೊಟ್ಟಿಗೆಯಲ್ಲಿಟ್ಟುಕೊಂಡು ಗುರುಗಳ ಮುಂದೆ ಮೊಣಕಾಲೂರಿದರೆ ನಡೆಯುವುದಿಲ್ಲ.

ಈ ಮೂರು ತಾಲ್ಲೂಕುಗಳ ಕ್ರೈಸ್ತರು ಒಂದೇ ಬೇರಿನವರಲ್ಲ. ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮಾತಿನವರಿದ್ದಾರೆ, ಕೇರಳದಿಂದ ಬಂದು ತೋಟ ಮಾಡಿದ ಮಲಯಾಳಿಗಳಿದ್ದಾರೆ, ತಮಿಳು, ಕನ್ನಡ ಮಾತಾಡುವವರಿದ್ದಾರೆ. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಯಿತು. ಸಿರೊ-ಮಲಬಾರ್ ವಿಧಿಯವರಿಗೆ ಭದ್ರಾವತಿ ಧರ್ಮಪ್ರಾಂತ್ಯ 2007ರಲ್ಲಿ ಆಯಿತು. ಆದರೆ ಜಗಳಗಳು ಮಾತ್ರ ಎಲ್ಲರಲ್ಲೂ ಒಂದೇ, ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳವೇ: ಅಡಿಕೆ ತೋಟ ಪಾಲಾಗುವಾಗಿನ ದಾಯಾದಿ ವೈರ, ಅಗಳದ ಗಡಿ, ಸೊಪ್ಪಿನ ಬೆಟ್ಟದ ಹಕ್ಕು, ತಂಗಿಗೆ ಕೊಡದ ಪಾಲು. ಇಂಥ ಜಗಳಗಳಲ್ಲಿ ಕ್ಷಮೆಯ ಉಪದೇಶ ಯಾರ ಕಡೆ ತಿರುಗುತ್ತದೆ ಎಂಬುದೇ ಕ್ಷಮೆಯ ವಿರುದ್ಧ ಏಳುವ ಮೊದಲ ಆಕ್ಷೇಪ. ಅದು ಯಾವಾಗಲೂ ಸೋತವರ ಕಡೆಗೇ ತಿರುಗುತ್ತದೆ. ಪಾಲು ನುಂಗಿದ ಅಣ್ಣನಿಗೆ ಮರಳಿಸು ಎನ್ನುವವರಿಲ್ಲ, ತಂಗಿಗೆ ಕ್ಷಮಿಸು ಎನ್ನುವವರು ಹತ್ತು ಜನ. ಹೊಡೆಯುವ ಗಂಡನ ಮನೆಗೆ ಹೆಣ್ಣನ್ನು ಮರಳಿ ಕಳಿಸಲು ಶುಭಸಂದೇಶವನ್ನೇ ಬಳಸಿದ್ದುಂಟು. ಈ ಆಕ್ಷೇಪ ನಿಜ. ಇದಕ್ಕೆ ಮುಜುಗರಪಡಬೇಕಾದವರು ನಾವೇ. ಆದರೆ ದುರ್ಬಳಕೆಯಾದದ್ದು ಕ್ಷಮೆಯೋ, ಕ್ಷಮೆಯ ಹೆಸರೋ? ಹೊಡೆತ ನಿಲ್ಲದಿರುವಾಗ ಕ್ಷಮಿಸು ಎನ್ನುವುದು ಇನ್ನೂ ಬರೆಯುತ್ತಲೇ ಇರುವ ಲೆಕ್ಕಕ್ಕೆ ಚುಕ್ತಾ ಎಂದು ಸಹಿ ಹಾಕಿಸಿಕೊಂಡಂತೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಡಿ ದೂರು ಕೊಟ್ಟ ಹೆಣ್ಣು ಕ್ಷಮೆಯ ಆಜ್ಞೆಯನ್ನು ಮೀರಿದಳೆಂದು ಹೇಳಲು ಮತ್ತಾಯನ 18ನೇ ಅಧ್ಯಾಯ ಓದಿದ ಯಾರಿಗೂ ಬಾಯಿ ಬರಬಾರದು. ಮನಸ್ಸಿನಲ್ಲಿ ಸೇಡು ಬಿಡುವುದು ಒಂದು, ಅದೇ ಸೂರಿನಡಿ ಹೋಗಿ ಇರುವುದು ಇನ್ನೊಂದು. ಮೊದಲನೆಯದು ಅವಳೊಬ್ಬಳ ಕೈಯಲ್ಲಿದೆ. ಎರಡನೆಯದಕ್ಕೆ ಗಂಡ ಬದಲಾಗಬೇಕು, ಬದಲಾದದ್ದು ಕಾಣಬೇಕು.

ಸಾಲಗಾರ ಸರ್ಕಾರವಾದಾಗಲೂ ಲೆಕ್ಕ ಇದೇ. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು. ಮುಳುಗಡೆಯವರ ಮೊಮ್ಮಕ್ಕಳು ಇವತ್ತೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರಿಗೆ ಕ್ಷಮೆಯ ಮಾತು ಹೇಳುವ ಮೊದಲು ಪಹಣಿಯ ಮಾತು ಹೇಳಬೇಕು.

ಹಾಗಾದರೆ ನ್ಯಾಯ ಸಿಕ್ಕ ಮೇಲೆ ಕ್ಷಮೆಗೆ ಏನು ಉಳಿಯಿತು ಎಂದು ಯಾರಾದರೂ ಕೇಳಬಹುದು. ಉಳಿದದ್ದು ಎಷ್ಟೆಂದು ತೋರಿಸಲು ಎರಡು ಘಟನೆ ಸಾಕು. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿ ರೈತರನ್ನು ಸಾಹುಕಾರರ ಸಾಲದಿಂದ ಬಿಡಿಸುವ ಕೆಲಸ ಮಾಡುತ್ತಿದ್ದರು. 1995ರ ಫೆಬ್ರುವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರನ್ನು ಇರಿದು ಕೊಂದರು. ಕೊಂದವನು ಸಮಂದರ್ ಸಿಂಗ್. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕೋರ್ಟು ಲೆಕ್ಕ ಬರೆದಿತ್ತು. ಅದಾದ ಮೇಲೆ ರಾಣಿ ಮರಿಯಾರ ತಂಗಿ ಸಿಸ್ಟರ್ ಸೆಲ್ಮಿ 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು; ಅವನ ಬಿಡುಗಡೆಗೆ ರಾಣಿ ಮರಿಯಾರ ಮನೆಯವರೇ ಮನವಿ ಮಾಡಿದರು; 2006ರಲ್ಲಿ ಅವನು ಹೊರಬಂದ. ರಾಣಿ ಮರಿಯಾರನ್ನು 2017ರಲ್ಲಿ ಇಂದೋರಿನಲ್ಲಿ ಧನ್ಯರೆಂದು ಸಾರಲಾಯಿತು. ಇನ್ನೊಂದು ಒಡಿಶಾದ ಮನೋಹರಪುರದ್ದು. 1999ರ ಜನವರಿಯಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿದರು, ಬಾರಿಪದದ ರೋಗಿಗಳನ್ನು ಬಿಟ್ಟು ಓಡಲಿಲ್ಲ. ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ ಎಂಬುದು ಅವರ ನಿಲುವು. ವಿಚಾರಣೆ ನಡೆಯಿತು, ಮುಖ್ಯ ಆರೋಪಿಯ ಮರಣದಂಡನೆಯನ್ನು ಹೈಕೋರ್ಟು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಈ ಇಬ್ಬರು ಹೆಂಗಸರೂ ಕೊಲೆಯನ್ನು ಕೊಲೆ ಎಂದೇ ಕರೆದರು. ಅವರು ಬಿಟ್ಟುಕೊಟ್ಟದ್ದು ಯಾವ ನ್ಯಾಯಾಲಯವೂ ವಸೂಲು ಮಾಡಿಕೊಡಲಾಗದ ಬಾಕಿಯನ್ನು. ಶಿಕ್ಷೆಯಾದ ಮೇಲೂ ಅಕ್ಕ ಬರುವುದಿಲ್ಲ, ಮಕ್ಕಳು ಬರುವುದಿಲ್ಲ. ನ್ಯಾಯ ಮುಟ್ಟಲಾಗದ ಆ ಬಾಕಿಯನ್ನು ಏನು ಮಾಡುವುದೆಂಬ ಪ್ರಶ್ನೆಗೆ ಕ್ಷಮೆ ಬಿಟ್ಟರೆ ಇರುವುದು ದ್ವೇಷವೊಂದೇ.

ಎರಡನೆಯ ಆಕ್ಷೇಪ ಹೆಚ್ಚು ಬಿಗಿಯಾದದ್ದು. ಅನ್ಯಾಯ ಯಾರಿಗಾಯಿತೋ ಅವರು ಮಾತ್ರ ಕ್ಷಮಿಸಬಲ್ಲರು. ಸೆಲ್ಮಿ ತಮ್ಮ ದುಃಖವನ್ನು ಬಿಡಬಹುದು, ರಾಣಿ ಮರಿಯಾರ ಪರವಾಗಿ ಬಿಡಲು ಅವರು ಯಾರು? ನಾಜಿ ಶಿಬಿರದ ಕೈದಿಯಾಗಿದ್ದ ಸೈಮನ್ ವೀಸೆಂಥಾಲ್ ‘ದಿ ಸನ್‌ಫ್ಲವರ್’ ಕೃತಿಯಲ್ಲಿ ಈ ಪ್ರಶ್ನೆಯನ್ನೇ ಇಟ್ಟರು. ಸಾಯುತ್ತಿದ್ದ ನಾಜಿ ಸೈನಿಕನೊಬ್ಬ ಯಹೂದಿಗಳನ್ನು ಕೊಂದದ್ದಕ್ಕೆ ಅವರ ಬಳಿ ಕ್ಷಮೆ ಕೇಳಿದ. ವೀಸೆಂಥಾಲ್ ಮಾತಾಡದೆ ಎದ್ದು ಹೋದರು. ಕ್ರೈಸ್ತರಲ್ಲಿ ಅನೇಕರು ಅವರು ಕ್ಷಮಿಸಬೇಕಿತ್ತು ಎನ್ನುತ್ತಾರೆ. ನನಗೆ ಆ ಮೌನದಲ್ಲಿ ತಪ್ಪು ಕಾಣುವುದಿಲ್ಲ. ತಮ್ಮದಲ್ಲದ ಸಾಲವನ್ನು ಬಿಡಲು ಅವರಿಗೆ ಹಕ್ಕಿರಲಿಲ್ಲ. ಈ ಆಕ್ಷೇಪವನ್ನು ಒಪ್ಪಿಕೊಂಡರೆ ನಮ್ಮದೇ ಒಂದು ಹಳೆಯ ಕಗ್ಗಂಟು ಸಡಿಲವಾಗುತ್ತದೆ. ಇವತ್ತಿನ ಹೊಸನಗರ ತಾಲ್ಲೂಕಿನ ನಗರ, ಅಂದರೆ ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರಾಲಿಯ ಕೈಸೇರಿತು. 1783ರಲ್ಲಿ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಹಿಡಿದ, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಗೆದ್ದ. ಮರುವರ್ಷ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕುಳಿದವರು ಬಿಡುಗಡೆಯಾದದ್ದು ಅವನು ಮಡಿದ 1799ರ ನಂತರ. ಸರ್ಕಾರ 2015ರಿಂದ ಕೆಲವು ವರ್ಷ ಟಿಪ್ಪು ಜಯಂತಿ ನಡೆಸಿದಾಗ ಈ ಸೆರೆಯ ನೆನಪನ್ನು ಎರಡೂ ಕಡೆಯವರು ಎಳೆದಾಡಿದರು. ಒಂದು ಕಡೆ ‘ಕ್ರೈಸ್ತರು ಕ್ಷಮಿಸಿ ಮರೆಯಬೇಕು’ ಎಂಬ ಉಪದೇಶ, ಇನ್ನೊಂದು ಕಡೆ ‘ನಿಮ್ಮ ಹಿರಿಯರ ನೋವಿಗೆ ಲೆಕ್ಕ ಕೇಳಿ’ ಎಂಬ ಆಹ್ವಾನ. ನನ್ನ ದೃಷ್ಟಿಯಲ್ಲಿ ಎರಡೂ ಹುಸಿ. ಸೆರೆ ಹೋದವರೂ ಸೆರೆ ಹಿಡಿದವರೂ ಮಣ್ಣಾಗಿದ್ದಾರೆ. ಇವತ್ತಿನ ಕೊಂಕಣಿ ಕ್ಯಾಥೊಲಿಕರಿಗೆ ಅದರಲ್ಲಿ ಬಿಡಬೇಕಾದ ಸಾಲವೂ ಇಲ್ಲ, ವಸೂಲು ಮಾಡಬೇಕಾದ ಸಾಲವೂ ಇಲ್ಲ; ನಗರದ ಪೇಟೆಯಲ್ಲಿ ಅಂಗಡಿ ಇಟ್ಟ ಮುಸ್ಲಿಮನ ಮೇಲೆ ಆ ಲೆಕ್ಕದ ಒಂದು ಬಿಡಿಗಾಸೂ ಇಲ್ಲ. ನಮಗಿರುವುದು ಇತಿಹಾಸವನ್ನು ಸರಿಯಾಗಿ ಓದುವ, ಹೇಳುವ ಹೊಣೆ ಮಾತ್ರ.

ಮರೆಯುವ ಮಾತು ಬಂತು. ಕ್ಷಮಿಸುವುದೆಂದರೆ ಮರೆಯುವುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತೀರ್ಥಹಳ್ಳಿಯವರಿಗೆ ಇದಕ್ಕೆ ಮದ್ದು ತುಂಗೆಯ ದಡದಲ್ಲೇ ಇದೆ. ತಂದೆಯ ಮಾತಿಗೆ ಕಟ್ಟುಬಿದ್ದು ತಾಯಿಯ ತಲೆ ಕಡಿದ ಪರಶುರಾಮ, ತಾಯಿ ಮತ್ತೆ ಬದುಕಬೇಕು, ಕೊಂದದ್ದು ಆಕೆಗೆ ನೆನಪಿರಬಾರದು ಎಂದು ವರ ಬೇಡಿದ್ದು ಮಹಾಭಾರತದ ವನಪರ್ವದಲ್ಲಿದೆ. ಪಾಪ ತನ್ನನ್ನು ಮುಟ್ಟಬಾರದೆಂದೂ ಅವನು ಬೇಡುತ್ತಾನೆ. ಇಲ್ಲಿನ ಸ್ಥಳಪುರಾಣ ಅಷ್ಟಕ್ಕೆ ಸಮಾಧಾನಪಡುವುದಿಲ್ಲ. ಕೊಡಲಿಗೆ ಅಂಟಿದ ರಕ್ತ ಎಲ್ಲಿ ತೊಳೆದರೂ ಹೋಗಲಿಲ್ಲವಂತೆ, ಎಳ್ಳಿನಷ್ಟು ಉಳಿದದ್ದು ಇಲ್ಲಿ ಹೋಯಿತಂತೆ; ಎಳ್ಳಮಾವಾಸ್ಯೆಯ ಜಾತ್ರೆಗೆ ಜನ ಮುಳುಗೇಳುವುದು ಆ ತೀರ್ಥದಲ್ಲೇ. ತಾಯಿಗೆ ಮರೆವು ಬಂದರೂ ಕೊಂದ ಕೈಯ ಕಲೆ ಹೋಗಲಿಲ್ಲ ಎಂದು ಊಹಿಸಿದ ಜನರಿಗೆ ಮರೆವಿನಿಂದ ಏನೂ ತೀರುವುದಿಲ್ಲ ಎಂಬುದು ಗೊತ್ತಿತ್ತು. ಕ್ರೈಸ್ತರ ನಂಬಿಕೆಯೂ ಈ ವಿಷಯದಲ್ಲಿ ದೂರದ್ದಲ್ಲ. ಪುನರುತ್ಥಾನಗೊಂಡ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯ ಹಾಗೇ ಇತ್ತು; ಶಿಷ್ಯ ತೋಮಾಸ ಅದನ್ನೇ ನೋಡಲು ಕೇಳಿದ.

ಈಚೆಗೆ ಕ್ಷಮೆಗೆ ಇನ್ನೊಂದು ಸಮರ್ಥನೆ ಪ್ರಚಾರದಲ್ಲಿದೆ: ಕ್ಷಮಿಸಿದರೆ ನಿಮಗೇ ಒಳ್ಳೆಯದು, ರಕ್ತದೊತ್ತಡ ಇಳಿಯುತ್ತದೆ, ನಿದ್ದೆ ಬರುತ್ತದೆ. ಇರಬಹುದು. ಆದರೆ ಎದುರಿನವನನ್ನು ಪೂರ್ತಿ ಮರೆಗೆ ಸರಿಸಿ ನನ್ನ ನಿದ್ದೆಗಾಗಿ ಮಾಡಿದ ಕ್ಷಮೆಯಲ್ಲಿ ಸಾಲಗಾರನೇ ಇಲ್ಲ. ಇದಕ್ಕೆ ಎದುರುವಾದವೂ ಸಿದ್ಧವಿದೆ: ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂದು ಯೇಸು ಕಲಿಸಿದ ಪ್ರಾರ್ಥನೆಯೇ ಹೇಳುವಾಗ ಅದೂ ವ್ಯಾಪಾರವಲ್ಲವೇ? ವ್ಯಾಪಾರವಾಗಬೇಕಾದರೆ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ತೂಕ ಹತ್ತಿರವಿರಬೇಕು. ಆರು ಕೋಟಿ ದಿನದ ಸಾಲ ಬಿಟ್ಟವನು ನೂರು ದಿನದ ಸಾಲ ಬಿಡು ಎನ್ನುವುದು ವ್ಯಾಪಾರಿಯ ಲಕ್ಷಣವಲ್ಲ. ಕಥೆಯಲ್ಲಿ ಹಣ ಕೊಟ್ಟವನೂ ರಾಜ, ಬಿಟ್ಟವನೂ ರಾಜ. ಸೇವಕನಿಂದ ಅವನು ಬಯಸಿದ್ದು ತನಗೆ ಸಿಕ್ಕ ಕರುಣೆ ಜೊತೆಗಾರನವರೆಗೂ ಹರಿಯಲಿ ಎಂಬುದೊಂದನ್ನೇ.

ಕೊನೆಯದಾಗಿ, ತಪ್ಪು ಮಾಡಿದವನು ಒಪ್ಪಿಕೊಳ್ಳದೇ ಹೋದರೆ? ಲೂಕ 17ರಂತೆ ಪಶ್ಚಾತ್ತಾಪಕ್ಕೆ ಕಾಯಬೇಕು. ಲೂಕ 23ರಲ್ಲಿ ಶಿಲುಬೆಯ ಮೇಲಿಂದ ಯೇಸು, ಪಶ್ಚಾತ್ತಾಪದ ಸುಳಿವೂ ಇಲ್ಲದವರಿಗಾಗಿ ತಂದೆಯನ್ನು ಬೇಡುತ್ತಾರೆ. ಆ ವಾಕ್ಯ ಕೆಲವು ಅತಿ ಪುರಾತನ ಹಸ್ತಪ್ರತಿಗಳಲ್ಲಿ ಇಲ್ಲವೆಂದು ವಿದ್ವಾಂಸರು ತೋರಿಸುತ್ತಾರೆ. ಆ ಕಾರಣಕ್ಕೆ ಅದನ್ನು ಪಕ್ಕಕ್ಕಿಡಲು ನನಗೆ ಮನಸ್ಸಿಲ್ಲ. ಅಲ್ಲಿಯೂ ಯೇಸು ಕೊಂದವರಿಗೆ ನೇರವಾಗಿ ಕ್ಷಮಿಸಿದ್ದೇನೆ ಎನ್ನುವುದಿಲ್ಲ, ತಂದೆಯ ಕೈಗೆ ಒಪ್ಪಿಸುತ್ತಾರೆ ಎಂಬುದನ್ನು ಗಮನಿಸಬೇಕು. ಸೇಡಿನ ಹಕ್ಕನ್ನು ಒಬ್ಬನೇ ಬಿಡಬಹುದು, ರಾಜಿಗೆ ಇಬ್ಬರು ಬೇಕು. ಇದು ಒಮ್ಮೆಗೆ ಮುಗಿಯುವ ಕೆಲಸವೂ ಅಲ್ಲ. ಪೇತ್ರನಿಗೆ ಕೊಟ್ಟ ಆ ದೊಡ್ಡ ಸಂಖ್ಯೆ ಅಷ್ಟು ಬೇರೆ ಬೇರೆ ತಪ್ಪುಗಳದ್ದಾಗಿರಬೇಕಿಲ್ಲ. ಒಂದೇ ತಪ್ಪು ಅಷ್ಟು ಸಲ ನೆನಪಾಗಿ, ಅಷ್ಟೂ ಸಲ ಹೊಸದಾಗಿ ಬಿಡಬೇಕಾಗುವುದೂ ಇರಬಹುದು. ಆದಿಕಾಂಡದ ಯೋಸೇಫ ತನ್ನನ್ನು ಮಾರಿದ ಅಣ್ಣಂದಿರನ್ನು ಮೊದಲು ಪರೀಕ್ಷಿಸಿದ, ತಮ್ಮ ಬೆನ್ಯಾಮೀನನನ್ನು ಅವರು ಈ ಸಲ ಬಿಟ್ಟುಕೊಡುವುದಿಲ್ಲವೆಂದು ಕಂಡ ಮೇಲೆ ಅಪ್ಪಿಕೊಂಡ. ಆಮೇಲೆ ತಂದೆ ಯಾಕೋಬ ಈಜಿಪ್ಟಿನಲ್ಲಿ 17 ವರ್ಷ ಬದುಕಿದ. ತಂದೆ ತೀರಿದ್ದೇ ತಡ, ಇನ್ನು ಯೋಸೇಫ ಸೇಡು ತೀರಿಸಿಕೊಳ್ಳುತ್ತಾನೆಂದು ಅಣ್ಣಂದಿರು ನಡುಗಿದರು. ತಂದೆಯ ಹೆಸರಿನಲ್ಲಿ ಕ್ಷಮೆಯ ಕೋರಿಕೆ ಕಳಿಸಿದರು. 17 ವರ್ಷ ಅನ್ನ ತಿಂದರೂ ಅವರಿಗೆ ನಂಬಿಕೆ ಬಂದಿರಲಿಲ್ಲ. ಯೋಸೇಫ ಅತ್ತುಬಿಟ್ಟ. ನೀವು ಮಾಡಿದ್ದು ಕೇಡೇ ಎಂದು ಮುಖಕ್ಕೆ ಹೇಳಿದ, ತಾನು ದೇವರ ಜಾಗದಲ್ಲಿ ಕೂರುವವನಲ್ಲ ಎಂದ, ಅವರನ್ನೂ ಅವರ ಮಕ್ಕಳನ್ನೂ ಸಾಕುವ ಹೊಣೆ ಹೊತ್ತ.